ಷಡ್ಜಕ್ಕೆ ಮೊದಲೇ ಏಳುವ ನವಿರು

ಧಾರವಾಡದ ಒಂದು ಮನೆಯಲ್ಲಿ ಸಂಜೆಯ ಬೈಠಕ್. ನಡುಮನೆಗೆ ಜಮಖಾನೆ ಹಾಸಿದ್ದರು, 40 ಜನ ಒತ್ತೊತ್ತಾಗಿ ಕೂತಿದ್ದೆವು. ಗಾಯಕರು ಮಾರ್ವಾ ರಾಗ ಎತ್ತಿಕೊಂಡು 20 ನಿಮಿಷ ಕಳೆದಿತ್ತು. ಹಿಂದೆ ತಂಬೂರಿ ಷಡ್ಜವನ್ನು, ಅಂದರೆ ಸಾ ಸ್ವರವನ್ನು, ಬಿಡದೆ ನುಡಿಯುತ್ತಿತ್ತು. ಗಾಯಕರು ಮಾತ್ರ ಅದರ ಹೊಸ್ತಿಲ ತನಕ ಬಂದು, ಒಳಗೆ ಕಾಲಿಡದೆ, ಮತ್ತೆ ಹೊರಗೇ ತಿರುಗುತ್ತಿದ್ದರು. ಬಂದಿಶಿನ ಎರಡನೆಯ ಭಾಗವಾದ ಅಂತರೆ ಶುರುವಾಯಿತು. ಧೈವತದಿಂದ ನಿಷಾದಕ್ಕೆ ಏರಿ ಅಲ್ಲಿ ನಿಂತರು. ಕಿಟಕಿಯ ಬೆಳಕಿಗೆ ಬಿದ್ದಿದ್ದ ನನ್ನ ತೋಳಿನ ಮೇಲೆ ಆಗ ಕಣ್ಣು ಹೋಯಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಮಲಗಿದ್ದ ಕೂದಲು ಒಂದು ಅಲೆಯಾಗಿ ಎದ್ದು ನಿಂತಿತು. ಪ್ರತಿ ಕೂದಲಿನ ಬುಡದಲ್ಲೂ ಸಾಸಿವೆಗಿಂತ ಸಣ್ಣ ಗುಬ್ಬಿ. ಕುತ್ತಿಗೆಯ ಹಿಂದೆ ತಣ್ಣಗೆ ಏನೋ ಹುಟ್ಟಿ ಬೆನ್ನಿಗಿಳಿಯಿತು. ಮೇಲಿನ ಸಾ, ಅಂದರೆ ತಾರ ಷಡ್ಜ, ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಎರಡು ಉಸಿರಿನ ಆಮೇಲೆ.

ಪಕ್ಕದಲ್ಲಿದ್ದ ಹಿರಿಯರು ನನ್ನ ತೋಳನ್ನು ನೋಡಿಬಿಟ್ಟಿದ್ದರು. ಚಹಾದ ಹೊತ್ತಿಗೆ ಹೇಳಿದರು: “ಮೈ ಝುಂ ಅಂತಲ್ರೀ? ನನಗೂ ಆತು. ಸಾ ಹಚ್ಚೋಕಿಂತ ಮೊದಲ ಬರತದ ನೋಡ್ರಿ ಅದು.”

ಅವರು ಎಷ್ಟೋ ವರ್ಷ ಕೇಳಿ ಕೇಳಿ ಕಂಡುಕೊಂಡಿದ್ದ ಈ ಮಾತು ಎಷ್ಟು ನಿಜವೆಂದು ನನಗೆ ತಿಳಿದದ್ದು ತಡವಾಗಿ, ಮೆದುಳಿನ ಮೇಲಿನ ಪ್ರಯೋಗಗಳನ್ನು ಓದಿದಾಗ. ಹಾಡು ಕೇಳುವಾಗ ಮೈ ಜುಮ್ಮೆನ್ನುವುದು ಹೇಗೆ, ಅದನ್ನು ಹುಟ್ಟಿಸುವುದು ಏನು, ಎಲ್ಲರಿಗೂ ಯಾಕೆ ಆಗುವುದಿಲ್ಲ ಎಂಬುದಕ್ಕೆಲ್ಲ ಅವರ ಆ ಒಂದು ಮಾತೇ ಒಳ್ಳೆಯ ದಾರಿ.

ನಮ್ಮಲ್ಲಿ ಇದಕ್ಕೆ ಹೆಸರುಗಳು ಕಡಿಮೆಯಿಲ್ಲ. ಮೈ ಜುಮ್ಮೆಂದಿತು, ಮೈನವಿರೆದ್ದಿತು, ಪುಳಕವಾಯಿತು, ರೋಮಾಂಚನವಾಯಿತು. ನವಿರು ಅಂದರೆ ಕೂದಲು, ರೋಮ ಅಂದರೂ ಅದೇ. ಮೈಗೆ ಮುಳ್ಳು ಬಂತು ಎನ್ನುವವರೂ ಇದ್ದಾರೆ, ಸಂಸ್ಕೃತದ ‘ಕಂಟಕಿತ’ ಎಂಬ ಮಾತಿನಲ್ಲಿರುವುದೂ ಮುಳ್ಳೇ. ಭರತನ ನಾಟ್ಯಶಾಸ್ತ್ರ ಹೇಳುವ 8 ಸಾತ್ತ್ವಿಕ ಭಾವಗಳಲ್ಲಿ ರೋಮಾಂಚವೂ ಒಂದು; ಸ್ತಂಭ, ಸ್ವೇದ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಉಳಿದವು. ರೋಮಾಂಚ ಯಾತರಿಂದ ಹುಟ್ಟುತ್ತದೆ ಎಂಬುದಕ್ಕೆ ಆ ಗ್ರಂಥ ಕೊಡುವ ಕಾರಣಗಳು ಇವು: ಸ್ಪರ್ಶ, ಭಯ, ಚಳಿ, ಹರ್ಷ, ಕೋಪ, ರೋಗ. ಇವತ್ತಿನ ವೈದ್ಯರನ್ನು ಕೇಳಿದರೆ ಅವರೂ ಹೆಚ್ಚುಕಡಿಮೆ ಇದೇ ಪಟ್ಟಿ ಕೊಟ್ಟಾರು. ಚಳಿಯೂ ಹರ್ಷವೂ ಮೈಯಲ್ಲಿ ಒಂದೇ ಬಾಗಿಲಿನಿಂದ ಹೊರಬೀಳುತ್ತವೆ ಎಂದು ಅಷ್ಟು ಹಿಂದೆಯೇ ಗುರುತಿಸಿದ ಕಣ್ಣಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಆ ಬಾಗಿಲು ಚರ್ಮದಲ್ಲಿದೆ. ಮೈಮೇಲಿನ ಕೂದಲು ನೆಟ್ಟಗೆ ನಾಟಿದ್ದಲ್ಲ, ಓರೆಯಾಗಿ ಕೂತದ್ದು. ಕೂದಲಿನ ಬುಡದಿಂದ ಚರ್ಮದ ಮೇಲುಪದರಕ್ಕೆ ಒಂದು ಅತಿ ಸಣ್ಣ ಸ್ನಾಯು ಕಟ್ಟಿಕೊಂಡಿದೆ, ಡೇರೆಯ ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ. ಸ್ನಾಯು ಬಿಗಿದರೆ ಓರೆಯಾಗಿದ್ದ ಕೂದಲು ನೆಟ್ಟಗಾಗುತ್ತದೆ, ಅದರ ಸುತ್ತಲಿನ ಚರ್ಮ ಉಬ್ಬಿ ಗುಬ್ಬಿಯಾಗುತ್ತದೆ. ಅಂಗೈ ಮತ್ತು ಅಂಗಾಲಿನಲ್ಲಿ ಕೂದಲಿಲ್ಲ, ಆದ್ದರಿಂದ ಅಲ್ಲಿ ಎಂದೂ ಈ ಗುಬ್ಬಿ ಏಳುವುದಿಲ್ಲ. ಕೈ ಎತ್ತು ಅಂದರೆ ಎತ್ತುವಂಥ ಸ್ನಾಯು ಇದಲ್ಲ. ನಾವು ಹೇಳಿದ್ದನ್ನು ಕೇಳದ, ಎದೆಬಡಿತ ಮತ್ತು ಬೆವರನ್ನು ನೋಡಿಕೊಳ್ಳುವ ಸಿಂಪಥೆಟಿಕ್ ನರಜಾಲದ ಅಪ್ಪಣೆಯಂತೆ ನಡೆಯುವಂಥದ್ದು. ಆ ನರದ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಒಸರಿದರೆ ಸ್ನಾಯು ಬಿಗಿಯುತ್ತದೆ. ಹಾಗಾಗಿಯೇ ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಕೂದಲೊಂದೇ ಏಳುವುದಿಲ್ಲ: ಚರ್ಮದಲ್ಲಿ ಬೆವರಿನ ಪಸೆ ಹೆಚ್ಚುತ್ತದೆ, ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ಉಸಿರಿನ ಲಯ ಬದಲಾಗುತ್ತದೆ. ಪ್ರಯೋಗಶಾಲೆಯಲ್ಲಿ ಇವನ್ನೆಲ್ಲ ಅಳೆಯುತ್ತಾರೆ. ಚರ್ಮವನ್ನು ಹತ್ತಿರದಿಂದ ಚಿತ್ರೀಕರಿಸಿ, ಗುಬ್ಬಿ ಎದ್ದದ್ದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಕ್ಯಾಮೆರಾ ಕೂಡ ಇದೆ.

ಮೈತುಂಬ ತುಪ್ಪಳವಿರುವ ಪ್ರಾಣಿಗೆ ಈ ಏರ್ಪಾಟಿನಿಂದ ಎರಡು ಲಾಭ. ಚಳಿಯಲ್ಲಿ ಕೂದಲು ನಿಮಿರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಕಂಬಳಿಯ ಕೆಲಸ ಮಾಡುತ್ತದೆ. ನಾಯಿ ಎದುರಾದರೆ ಬೆಕ್ಕು ಮೈ ಉಬ್ಬಿಸಿ ದೊಡ್ಡದಾಗಿ ಕಾಣುತ್ತದೆ. ನಮಗೆ ತುಪ್ಪಳ ಹೋಗಿದೆ, ಸ್ನಾಯುಗಳು ಉಳಿದಿವೆ.

ಸರಿ, ಚಳಿಗೂ ನಾಯಿಗೂ ಕಟ್ಟಿದ್ದ ಈ ಗಂಟೆಯನ್ನು ಒಂದು ಸ್ವರ ಬಾರಿಸುವುದು ಹೇಗೆ?

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಇಳಿಸಿದವರಲ್ಲಿ ಮೊದಲಿಗರು ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಔಷಧವಿಜ್ಞಾನಿ ಅವ್ರಮ್ ಗೋಲ್ಡ್‌ಸ್ಟೀನ್. ನೋವನ್ನು ತಗ್ಗಿಸುವ, ಮೆದುಳಿನಲ್ಲೇ ಹುಟ್ಟುವ ಎಂಡಾರ್ಫಿನ್‌ಗಳ ಮೇಲೆ ಕೆಲಸ ಮಾಡಿದವರು ಅವರು. 1980ರಲ್ಲಿ ಪ್ರಕಟಿಸಿದ ಬರಹದಲ್ಲಿ, ಸಂಗೀತದ ಈ ಜುಮ್ಮು ಹೆಚ್ಚಿನವರಲ್ಲಿ ಕುತ್ತಿಗೆಯ ಹಿಂಭಾಗದಲ್ಲಿ ಹುಟ್ಟಿ ಹರಡುತ್ತದೆ ಎಂದು ದಾಖಲಿಸಿದರು. ಅದೇ ಅಧ್ಯಯನದಲ್ಲಿ 10 ಜನರಿಗೆ ಎಂಡಾರ್ಫಿನ್‌ಗಳ ಕೆಲಸಕ್ಕೆ ಅಡ್ಡಬರುವ ನಾಲೊಕ್ಸೋನ್ ಚುಚ್ಚಿ, ಅವರ ಮೆಚ್ಚಿನ ಸಂಗೀತವನ್ನೇ ಕೇಳಿಸಿದರು. 3 ಜನರಲ್ಲಿ ಜುಮ್ಮು ತಗ್ಗಿತು. 10ರಲ್ಲಿ 3 ಸಣ್ಣ ಸಂಖ್ಯೆ, ಅದರ ಮೇಲೆ ಗೋಪುರ ಕಟ್ಟಲಾಗದು. ಆದರೂ ಹಾಡಿನ ಸುಖಕ್ಕೂ ಮೆದುಳಿನ ರಸಾಯನಕ್ಕೂ ನಂಟಿದೆ ಎಂಬ ಎಳೆ ಅಲ್ಲಿ ಸಿಕ್ಕಿತು.

ಆ ಎಳೆಯನ್ನು ಹಿಡಿದು ಮುಂದೆ ಹೋದವರು ಕೆನಡಾದ ಮಾಂಟ್ರಿಯಲ್‌ನವರು. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ 2001ರಲ್ಲಿ 10 ಜನರ ಮೆದುಳಿನ ರಕ್ತಸಂಚಾರವನ್ನು ಸ್ಕ್ಯಾನ್ ಮಾಡಿದರು. ಪ್ರತಿಯೊಬ್ಬರೂ ತಮಗೆ ಮೈನವಿರೇಳಿಸುವ ಸಂಗೀತವನ್ನು ತಾವೇ ಆರಿಸಿಕೊಂಡು ತಂದಿದ್ದರು. ಈ ಪ್ರಯೋಗದ ಚಂದವೆಂದರೆ, ಒಬ್ಬರು ತಂದದ್ದನ್ನು ಇನ್ನೊಬ್ಬರಿಗೂ ಕೇಳಿಸಿದ್ದು. ಸದ್ದು ಅದೇ, ಏರಿಳಿತ ಅದೇ. ತಂದವರಿಗೆ ಮೈ ನಡುಗಿತು, ಮತ್ತೊಬ್ಬರು ಸುಮ್ಮನೆ ಕೇಳಿಸಿಕೊಂಡರು. ಜುಮ್ಮು ಹೆಚ್ಚಾದಂತೆ, ಊಟ ಮತ್ತು ಕಾಮದ ಸುಖದಲ್ಲಿ ಚುರುಕಾಗುವ ಮೆದುಳಿನ ಭಾಗಗಳಿಗೇ ರಕ್ತದ ಹರಿವು ಹೆಚ್ಚಿತು. ಅಪಾಯವನ್ನು ಗುರುತಿಸುವುದರಲ್ಲಿ ಮುಖ್ಯ ಪಾಲಿರುವ ಅಮಿಗ್ಡಲಾದಲ್ಲಿ ಹರಿವು ತಗ್ಗಿತು. ಮೈ ಬೆಚ್ಚಿದಂತೆ ನಡೆದುಕೊಳ್ಳುತ್ತಿದೆ, ಒಳಗೆ ಮಾತ್ರ ಹೆದರಿಕೆಯಿಲ್ಲ ಅಂದಹಾಗಾಯಿತು. ಸಂಗೀತದ ಮನೋವಿಜ್ಞಾನಿ ಡೇವಿಡ್ ಹ್ಯೂರನ್ ಇದನ್ನು ವಿವರಿಸುವ ರೀತಿ ನನಗೆ ಒಪ್ಪಿಗೆಯಾಗುತ್ತದೆ. ಅನಿರೀಕ್ಷಿತವಾದದ್ದು ಕಿವಿಗೆ ಬಿದ್ದಾಗ ಮೈ ಮೊದಲು ಎಚ್ಚರದ ಗಂಟೆ ಬಾರಿಸುತ್ತದೆ, ಯೋಚಿಸುವುದಕ್ಕೆ ಅದಕ್ಕೆ ಪುರುಸೊತ್ತಿಲ್ಲ. ಮರುಕ್ಷಣ ಮನಸ್ಸು ಇದು ಹಾಡು, ಅಪಾಯವಲ್ಲ ಎಂದು ತಿಳಿಯುತ್ತದೆ. ಎದ್ದ ಕೂದಲು ಎದ್ದೇ ಇರುತ್ತದೆ, ಹೆದರಿಕೆಯ ಜಾಗದಲ್ಲಿ ಸುಖ ಬಂದು ಕೂರುತ್ತದೆ.

ಹಿರಿಯರ ಮಾತಿಗೆ ಹತ್ತಿರದ ಸಾಕ್ಷಿ ಸಿಕ್ಕಿದ್ದು 2011ರಲ್ಲಿ. ಅದೇ ಮಾಂಟ್ರಿಯಲ್‌ನ ವಲೊರಿ ಸಲಿಂಪೂರ್ ಮತ್ತು ಸಂಗಡಿಗರು ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ತೋರಿಸಿದರು. ಅದನ್ನು ಕಂಡುಹಿಡಿದ ಬಗೆ ಸರಳವಾಗಿದೆ. ಡೋಪಮಿನ್ ಹೋಗಿ ಕೂರುವ ಜಾಗಗಳಲ್ಲೇ ಕೂರಬಲ್ಲ, ಸ್ವಲ್ಪ ವಿಕಿರಣ ಸೂಸುವ ರ‍್ಯಾಕ್ಲೋಪ್ರೈಡ್ ಎಂಬ ವಸ್ತುವನ್ನು ಮೈಗೆ ಕೊಡುತ್ತಾರೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೆ ಅದಕ್ಕೆ ಜಾಗ ಸಿಗುತ್ತದೆ. ಡೋಪಮಿನ್ ಹತ್ತಿ ಕೂತಿದ್ದರೆ ಅದಕ್ಕೆ ಸೀಟಿಲ್ಲ, ಸ್ಕ್ಯಾನ್‌ನಲ್ಲಿ ಅದರ ಬೆಳಕು ಕಡಿಮೆಯಾಗುತ್ತದೆ. ಮೆಚ್ಚಿನ ಸಂಗೀತ ಕೇಳಿದಾಗ ಬೆಳಕು ಕಡಿಮೆಯಾಯಿತು. ಅದೇ ಜನರನ್ನು ಇನ್ನೊಂದು ಬಗೆಯ ಸ್ಕ್ಯಾನ್‌ಗೆ ಹಾಕಿ ಯಾವ ಹೊತ್ತಿಗೆ ಯಾವ ಭಾಗ ಚುರುಕಾಗುತ್ತದೆ ಎಂದು ನೋಡಿದಾಗ ಎರಡು ಹಂತ ಕಂಡವು. ಜುಮ್ಮೆನ್ನುವ ಗಳಿಗೆಗೆ ಕೆಲವು ಸೆಕೆಂಡು ಮುಂಚೆ, ಅಂದರೆ ಇನ್ನೇನು ಬರುತ್ತದೆ ಎಂದು ಕಿವಿ ನಿಮಿರಿಸಿರುವಾಗ, ಕಾಡೇಟ್ ಎಂಬ ಭಾಗ ಚುರುಕಾಯಿತು. ಗಳಿಗೆ ಬಂದೇಬಿಟ್ಟಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಮತ್ತೊಂದು ಭಾಗ. ಕಾಯುವಿಕೆಯ ಸುಖಕ್ಕೂ ಸಿಕ್ಕಿದ ಸುಖಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಕೋಣೆಗಳಿವೆ.

2019ರಲ್ಲಿ ಲಾರಾ ಫೆರ್ರೇರಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಇಟ್ಟರು. 27 ಜನರಿಗೆ ಬೇರೆ ಬೇರೆ ದಿನ ಮೂರು ಗುಳಿಗೆ: ಡೋಪಮಿನ್ ಹೆಚ್ಚಿಸುವ ಲೆವೊಡೋಪಾ, ಅದನ್ನು ತಡೆಯುವ ರಿಸ್ಪೆರಿಡೋನ್, ಏನೂ ಮಾಡದ ಲ್ಯಾಕ್ಟೋಸ್. ಮೊದಲನೆಯದರಲ್ಲಿ ಸಂಗೀತದ ಸುಖ ಏರಿತು, ಎರಡನೆಯದರಲ್ಲಿ ಇಳಿಯಿತು. ಡೋಪಮಿನ್ ಈ ಸುಖದ ಜೊತೆಗಿರುವುದಷ್ಟೇ ಅಲ್ಲ, ಸುಖದ ಕಾರಣಗಳಲ್ಲೇ ಒಂದು ಎಂಬುದು ಹೀಗೆ ಗಟ್ಟಿಯಾಯಿತು.

ಈಗ ಮಾರ್ವಾಕ್ಕೆ ಮರಳುತ್ತೇನೆ. ಕಾಯಿಸುವ ಕಲೆಯನ್ನು ಇಷ್ಟು ಬಿಚ್ಚಿ ತೋರಿಸುವ ರಾಗ ಅಪರೂಪ. ಅದು ಸೂರ್ಯ ಮುಳುಗುವ ಹೊತ್ತಿನ ರಾಗ. ಪಂಚಮ ಇಲ್ಲ. ರಿಷಭ ಕೋಮಲ, ಮಧ್ಯಮ ತೀವ್ರ. ಪಂಚಮ ವರ್ಜ್ಯವಾದ್ದರಿಂದ ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೋ ಧೈವತಕ್ಕೋ ಸೇರಿಸುತ್ತಾರೆ, ಮಿಕ್ಕ ತಂತಿಗಳಲ್ಲಿ ಷಡ್ಜವೇ. ಆದರೆ ಗಾಯನದಲ್ಲಿ ಪ್ರಧಾನವಾಗುವುದು ರಿಷಭ, ಧೈವತ. ಏರುವಾಗ ಷಡ್ಜದಿಂದ ಹೊರಡುವ ಬದಲು ಮಂದ್ರ ನಿಷಾದದಿಂದ ಹೊರಟು ಷಡ್ಜವನ್ನು ದಾಟಿ ರಿಷಭಕ್ಕೆ ಹೋಗುತ್ತಾರೆ. ಇಳಿದು ಬಂದು ರಿಷಭದಲ್ಲೇ ನಿಲ್ಲುತ್ತಾರೆ. ಮನೆಯ ದೀಪ ಕಾಣುತ್ತದೆ, ಮನೆಗೆ ಹೋಗುವುದಿಲ್ಲ.

ಇದರ ಬಿಗಿತ ಬರೀ ಕಲ್ಪನೆಯಲ್ಲ, ಗಾಳಿಯಲ್ಲೇ ಇದೆ. ತಂಬೂರಿಯ ಷಡ್ಜ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ಅದರ 16/15 ಪಟ್ಟಾದ ಕೋಮಲ ರಿಷಭ 256 ಆಗುತ್ತದೆ. ಎರಡೂ ಒಟ್ಟಿಗೆ ನುಡಿದರೆ ಅವುಗಳ ಅಂತರದಷ್ಟು, ಸೆಕೆಂಡಿಗೆ 16 ಸಲ, ಸದ್ದು ಏರಿ ಇಳಿದು ಒರಟಾಗಿ ಉಜ್ಜುತ್ತದೆ. ಗಾಯಕರು ರಿಷಭದಲ್ಲಿ ನಿಂತಷ್ಟು ಹೊತ್ತು ಕಿವಿಯಲ್ಲಿ ಆ ಉಜ್ಜಾಟ ನಡೆದೇ ಇರುತ್ತದೆ. ಕಡೆಗೆ ಅವರು ಷಡ್ಜ ಹಚ್ಚಿದಾಗ ಕಂಠದ ಕಂಪನ ತಂತಿಯ ಕಂಪನದಲ್ಲಿ ಬೆರೆತು ಉಜ್ಜಾಟ ಒಮ್ಮೆಲೇ ನಿಂತುಹೋಗುತ್ತದೆ. ಧ್ವನಿ ಯಾವುದು, ತಂಬೂರಿ ಯಾವುದು ತಿಳಿಯುವುದಿಲ್ಲ. 20 ನಿಮಿಷ ನಿರಾಕರಿಸಿದ್ದನ್ನು ಒಂದು ಉಸಿರಿನಲ್ಲಿ ಕೊಡುವುದೆಂದರೆ ಇದು. ದಕ್ಷಿಣದ ಕೇಳುಗರಿಗೆ ಇವೇ ಸ್ವರಗಳು ಹಂಸಾನಂದಿಯಲ್ಲಿ ಪರಿಚಿತ. ನಡೆ ಬೇರೆ, ಸ್ವಭಾವ ಬೇರೆ.

ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆ ಈ ಕಾಯಿಸುವಿಕೆಯನ್ನೇ ಗಾಯನದ ಬೆನ್ನೆಲುಬು ಮಾಡಿಕೊಂಡಿತು. ಒಂದೊಂದೇ ಸ್ವರವನ್ನು ತೆರೆಯುತ್ತ, ಮುಂದಿನದಕ್ಕೆ ಅವಸರ ಮಾಡದೆ, ತಾರ ಷಡ್ಜದ ಕಡೆಗೆ ಬೆಳೆಸುವ ಬಢತ್ ಅದರ ಹೆಗ್ಗುರುತು. ಅಬ್ದುಲ್ ಕರೀಮ್ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಅದು ಇಳಿದು ಬಂತು. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯ ಗ್ರಾಮಫೋನ್ ತಟ್ಟೆಯನ್ನು ಕೇಳಿದ ಬಾಲಕ ಭೀಮಸೇನ ಗುರುವನ್ನು ಹುಡುಕಿಕೊಂಡು ಗದಗಿನ ಮನೆಯನ್ನೇ ಬಿಟ್ಟು ಹೊರಟ ಕಥೆ ಎಲ್ಲರಿಗೂ ಗೊತ್ತಿದೆ. ಒಂದು ತಟ್ಟೆಯ ಸದ್ದು ಹುಡುಗನ ಕಾಲಿಗೆ ಅಷ್ಟು ಬಲ ಕೊಟ್ಟಿತಲ್ಲ ಎಂದು ಈಗಲೂ ನನಗೆ ಬೆರಗು.

ಕಾಯಿಸುವುದು ಒಂದೇ ದಾರಿಯಲ್ಲ. ಜರ್ಮನಿಯ ಹ್ಯಾನೋವರ್‌ನಲ್ಲಿ ಎಕಾರ್ಟ್ ಆಲ್ಟನ್‌ಮ್ಯುಲರ್ ಮತ್ತು ಜೊತೆಗಾರರು ನೋಡಿದಂತೆ, ಸದ್ದು ಏರುವಾಗ, ಹೊಸ ಕಂಠವೊಂದು ಒಳಬರುವಾಗ, ಗಾಯಕವೃಂದ ಒಟ್ಟಿಗೆ ಎತ್ತಿಕೊಳ್ಳುವಾಗ ಜುಮ್ಮು ಹೆಚ್ಚು. ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾಗವತರು ಏರು ಶ್ರುತಿಯಲ್ಲಿ ಪದ ಎತ್ತಿದಾಗ, ಅಷ್ಟು ಹೊತ್ತು ಸುಮ್ಮನಿದ್ದ ಚೆಂಡೆ ಒಮ್ಮೆಲೇ ಬಿದ್ದರೆ, ನಿದ್ದೆಗಣ್ಣಿನವರ ಬೆನ್ನೂ ನೆಟ್ಟಗಾಗುತ್ತದೆ. ಇಂಗ್ಲೆಂಡಿನ ಜಾನ್ ಸ್ಲೊಬೋಡ 1991ರಲ್ಲಿ 83 ಜನ ಕೇಳುಗರಿಂದ, ಯಾವ ಜಾಗದಲ್ಲಿ ಏನಾಯಿತು ಎಂಬುದನ್ನು ಸಂಗ್ರಹಿಸಿದರು. ನಡುಕ ಬಂದದ್ದು ಹೆಚ್ಚಾಗಿ ನಿರೀಕ್ಷೆಯಿಲ್ಲದ ಸ್ವರಮೇಳ ಬಂದಲ್ಲಿ. ಕಣ್ಣೀರು ಬಂದದ್ದು, ಒಂದು ಸ್ವರ ತನ್ನ ನೆಲೆಗೆ ಹೋಗುವ ಮುಂಚೆ ಪಕ್ಕದ ಸ್ವರಕ್ಕೆ ಒರಗಿಕೊಂಡು, ಆಮೇಲೆ ಇಳಿಯುವಲ್ಲಿ. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಮೀಂಡಿನಲ್ಲಿ, ಗಮಕದಲ್ಲಿ ನಡೆಯುವುದೂ ಇಂಥದ್ದೇ ಒರಗುವಿಕೆ ಎಂದು ನನ್ನ ಕಿವಿ ಹೇಳುತ್ತದೆ.

ಕಣ್ಣೀರೂ ಜುಮ್ಮೂ ಒಂದೇ ಅಲ್ಲ. ಜಪಾನಿನ ಇಬ್ಬರು ಸಂಶೋಧಕರು 2017ರಲ್ಲಿ ಎರಡನ್ನೂ ಬೇರೆಬೇರೆಯಾಗಿ ಅಳೆದರು. ಜುಮ್ಮೆಂದಾಗ ಮೈ ಉದ್ರೇಕಗೊಳ್ಳುತ್ತದೆ, ಕಣ್ಣು ತುಂಬಿದಾಗ ಉಸಿರು ನಿಧಾನವಾಗಿ ಮೈ ಶಾಂತವಾಗುತ್ತದೆ. ಹಾಡು ಕೇಳಿ ಅತ್ತವರು ಹಗುರಾಗಿ ಏಳುವುದು ಯಾಕೆ ಎಂದು ಇದರಿಂದ ತಿಳಿಯುತ್ತದೆ. ದುಃಖದ ಸಂಗೀತಕ್ಕೆ ಜುಮ್ಮು ಹೆಚ್ಚೆಂದು 1995ರಲ್ಲಿ ಬರೆದ ಯಾಕ್ ಪ್ಯಾಂಕ್‌ಸೆಪ್ ಅದಕ್ಕೊಂದು ಊಹೆಯನ್ನೂ ಮುಂದಿಟ್ಟರು: ಏಕಾಂಗಿಯಾಗಿ ಮೊರೆಯಿಡುವ ಎಳೆ ಧ್ವನಿ, ತಾಯಿಯಿಂದ ಅಗಲಿದ ಮರಿಯ ಕೂಗಿನಂತೆ ನಮ್ಮ ಮೈಗೆ ಕೇಳಿಸುತ್ತದೆ, ಅಗಲಿಕೆ ಚಳಿಯಂತೆ ತಟ್ಟಿ ಹತ್ತಿರ ಸೇರುವಂತೆ ಮಾಡುತ್ತದೆ. ಊಹೆ ಊಹೆಯೇ. ಆದರೂ ಒಂಟಿ ಶಹನಾಯಿ ಮೇಲೇಳುವಾಗ ಪಕ್ಕದವರ ಭುಜಕ್ಕೆ ಸರಿದು ಕೂತವರನ್ನು ನಾನು ನೋಡಿದ್ದೇನೆ.

ಎಲ್ಲರಿಗೂ ಇದು ಆಗುವುದಿಲ್ಲ, ಆಗದಿದ್ದರೆ ಅದು ಕೊರತೆಯಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಸಂಗೀತವೇ ತಿಳಿಯುವುದಿಲ್ಲ ಎಂದು ಕುಗ್ಗುವವರು ಬಹಳ ಜನ. 2016ರಲ್ಲಿ ಮ್ಯಾಥ್ಯೂ ಸ್ಯಾಕ್ಸ್ ಮತ್ತು ಸಂಗಡಿಗರು ಆಗಾಗ ಜುಮ್ಮೆನ್ನುವ 10 ಜನರನ್ನೂ ಹಾಗೆ ಆಗದ 10 ಜನರನ್ನೂ ಹೋಲಿಸಿದರು. ಮೊದಲಿನವರಲ್ಲಿ ಸದ್ದನ್ನು ಗ್ರಹಿಸುವ ಭಾಗಕ್ಕೂ ಭಾವನೆಯ ಭಾಗಗಳಿಗೂ ನಡುವಿನ ನರತಂತುಗಳ ಸೇತುವೆ ದಪ್ಪಗಿತ್ತು. ಹೊಸ ಅನುಭವಕ್ಕೆ ತೆರೆದುಕೊಳ್ಳುವ ಸ್ವಭಾವದವರಿಗೆ ಇದು ಹೆಚ್ಚೆಂದು 51 ಸಂಸ್ಕೃತಿಗಳ ಜನರ ಮಾಹಿತಿ ಇಟ್ಟುಕೊಂಡು ರಾಬರ್ಟ್ ಮೆಕ್ರೇ 2007ರಲ್ಲಿ ಬರೆದರು. ಇನ್ನು ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಗುರುತಿಸಿದ ಕೆಲವರಿಗೆ ಸಂಗೀತದಿಂದ ಸುಖವೇ ಹುಟ್ಟುವುದಿಲ್ಲ. ಕಿವಿ ಸರಿಯಿದೆ, ಆಟದಲ್ಲಿ ಹಣ ಗೆದ್ದರೆ ಮೈ ಉಳಿದವರಂತೆಯೇ ಸ್ಪಂದಿಸುತ್ತದೆ. ಹಾಡಿಗೆ ಮಾತ್ರ ಇಲ್ಲ. ಅಂಥವರನ್ನು ಒರಟರು ಅನ್ನುವುದು ಅನ್ಯಾಯ.

ಸಾಮಾನ್ಯವಾಗಿ ಆಗುವವರಿಗೂ ಕೇಳಿದಾಗಲೆಲ್ಲ ಆಗುವುದಿಲ್ಲ. ಹ್ಯಾನೋವರ್‌ನವರು ಕಂಡಂತೆ ಇದು ಮೊಣಕಾಲಿಗೆ ತಟ್ಟಿದರೆ ಕಾಲು ಜಿಗಿಯುವಂಥ ಪ್ರತಿಕ್ರಿಯೆಯಲ್ಲ. ಗಮನ ಬೇಕು, ಪರಿಚಯ ಬೇಕು. ಹಾಗಾಗಿ ಮನೆಯಲ್ಲಿ ಕೇಳುವವರು ನಾನು ಮಾಡುವ ಹಾಗೆ ಮಾಡಿ ನೋಡಬಹುದು. ಉಸ್ತಾದ್ ಅಮೀರ್ ಖಾನರ ಮಾರ್ವಾ ಧ್ವನಿಮುದ್ರಿಕೆ ಹುಡುಕಿಕೊಳ್ಳಿ. ಸಂಜೆ, ಅಡುಗೆಮನೆಯ ಮಿಕ್ಸಿ ನಿಂತಮೇಲೆ, ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಕೂರಿ. ತಂಬೂರಿಯ ಭಾಗವನ್ನು ಮುಂದೋಡಿಸಬೇಡಿ, ಕಿವಿ ಷಡ್ಜವನ್ನು ಗುರುತು ಹಿಡಿಯುವುದು ಅಲ್ಲೇ. ಆ ಷಡ್ಜವನ್ನು ಒಂದು ಸಲ ಬಾಯಿ ಮುಚ್ಚಿ ಗುನುಗಿ ಎದೆಯಲ್ಲಿಟ್ಟುಕೊಳ್ಳಿ. ಆಮೇಲೆ ಗಾಯಕರು ಅದರಿಂದ ಎಷ್ಟು ದೂರ ಇದ್ದಾರೆ ಎಂಬುದೊಂದನ್ನೇ ಗಮನಿಸುತ್ತ ಹೋಗಿ. ಈಗ ಫೋನಿನಲ್ಲಿ ಹರಿದಾಡುವ ತುಣುಕುಗಳಲ್ಲಿ ತಾರ ಷಡ್ಜದ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ ಹಾಕುತ್ತಾರೆ. ನನಗೆ ಅದನ್ನು ನೋಡಿದರೆ ಹೊಟ್ಟೆಯುರಿಯುತ್ತದೆ. ಶಿಖರ ಕೊಟ್ಟು ಬೆಟ್ಟವನ್ನೇ ಕಿತ್ತುಕೊಂಡ ಹಾಗೆ.

ಮೊದಲ ಸಲ ಏನೂ ಆಗದಿರಬಹುದು. ರಾಗದ ದಾರಿ ಗೊತ್ತಿಲ್ಲದೆ ಮೆದುಳು ಯಾವುದಕ್ಕೆಂದು ಕಾಯಬೇಕು? ವಾರ ಬಿಟ್ಟು ಅದನ್ನೇ ಕೇಳಿ. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ, ಎಲ್ಲಿ ನಿಲ್ಲುತ್ತಾರೆ ಎಂದು ಕಿವಿಗೆ ಮುಂಚಿತವಾಗಿ ತಿಳಿಯತೊಡಗುತ್ತದೆ. ಜುಮ್ಮು ಬಂದರೆ, ತಕ್ಷಣ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಬೇಡಿ. ನಾನು ಹಾಗೆ ಮಾಡಿದಾಗಲೆಲ್ಲ ಎರಡನೆಯ ಸಲ ಬರೀ ಸ್ವರ ಕೇಳಿಸಿದೆ, ತೋಳು ಮಲಗೇ ಇತ್ತು. ದೀಪ ಆರಿಸದೆ ಕೂತಿದ್ದರೆ ಒಮ್ಮೆ ತೋಳಿನ ಕಡೆ ನೋಡಿಕೊಳ್ಳಿ. ಗಾಯಕರು ಆಗ ನಿಷಾದದಲ್ಲಿದ್ದಾರೆಯೇ, ಷಡ್ಜಕ್ಕೆ ಬಂದಿದ್ದಾರೆಯೇ ಎಂಬುದನ್ನೂ.